ಮಳೆಗಾಲದಲ್ಲಿ ಪಾವ್ ಹಿಟ್ಟು ಹುಳಿಯುವುದೇಕೆ? ಮನೆಯ ಬ್ರುನ್ ಗರಿಗರಿಯಾಗದ್ದೇಕೆ?

ಪ್ರಶ್ನೆ: ನಮ್ಮ ಊರು ಕುಂದಾಪುರದ ಹತ್ತಿರ, ಈಗ ಇರುವುದು ಡೊಂಬಿವಲಿಯಲ್ಲಿ. ಆಗಾಗ ಮಕ್ಕಳನ್ನು ಕರೆದುಕೊಂಡು ಧೋಬಿ ತಲಾವ್, ಫೋರ್ಟ್ ಕಡೆ ಹೋಗಿ ಇರಾನಿ ಹೋಟೆಲಿನಲ್ಲಿ ಬ್ರುನ್ ಮಸ್ಕಾ (ಗರಿಗರಿ ಮೇಲ್ಪದರದ ಪಾವ್‌ಗೆ ಬೆಣ್ಣೆ ಹಚ್ಚಿದ್ದು) ತಿಂದು ಬರುತ್ತೇವೆ. ಅದೇ ಆಸೆಗೆ ಒಂದು ಓಟಿಜಿ (ಚಿಕ್ಕ ವಿದ್ಯುತ್ ಓವನ್) ತೆಗೆದುಕೊಂಡೆ. ಜನವರಿಯಲ್ಲಿ ಪಾವ್ ಚೆನ್ನಾಗಿಯೇ ಬಂತು. ಜೂನ್ ಶುರುವಾದ ಮೇಲೆ ಎಲ್ಲ ಹಾಳು. ವಿಡಿಯೋದಲ್ಲಿ ಹೇಳಿದ ಹಾಗೆ ಬೆಚ್ಚಗಿನ ನೀರಿಗೆ ಸಕ್ಕರೆ, ಈಸ್ಟ್ ಹಾಕಿ, ಹಿಟ್ಟು ನಾದಿ, ಮುಚ್ಚಿಟ್ಟು, ಮಗಳನ್ನು ಟ್ಯೂಷನ್‌ನಿಂದ ಕರೆತರಲು ಹೋಗುತ್ತೇನೆ. ಒಂದೂವರೆ ಗಂಟೆ ಬಿಟ್ಟು ಬಂದು ನೋಡಿದರೆ ಹಿಟ್ಟು ಕೈಗೆ ಅಂಟುತ್ತದೆ, ಕಳ್ಳಿನಂಥ ಹುಳಿ ವಾಸನೆ. ಬೇಯಿಸಿದರೆ ಮೇಲೆ ಬಣ್ಣ ಬರುವುದಿಲ್ಲ, ಮಧ್ಯ ಕುಸಿಯುತ್ತದೆ. ಫ್ರಿಜ್‌ನಲ್ಲಿಟ್ಟರೆ ಮರುದಿನ ಒಣಕಲು, ಹೊರಗಿಟ್ಟರೆ ಬೂಷ್ಟು. ಬ್ರುನ್ ಅಂತೂ ಒಮ್ಮೆಯೂ ಗರಿಗರಿಯಾಗಿಲ್ಲ. ಬೇಕರಿಯವರು ಕೆಮಿಕಲ್ ಹಾಕುತ್ತಾರೆ, ಅದಿಲ್ಲದೆ ಬರಲ್ಲ ಎನ್ನುತ್ತಾರೆ ಪಕ್ಕದ ಮನೆಯವರು. ಸೌದೆ ಭಟ್ಟಿಯೇ ಬೇಕು ಅಂತಾರೆ ನಮ್ಮವರು. ಮಾವನವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೈದಾ ಬಿಟ್ಟು ಗೋಧಿ ಹಿಟ್ಟಿನಲ್ಲೇ ಮಾಡು ಎಂದು ಅತ್ತೆಯವರ ಸಲಹೆ. ಬ್ರೆಡ್ ಇಂಪ್ರೂವರ್ ತರಿಸಲೇ? ಸೊಸೈಟಿಯ ಒಂದಿಬ್ಬರು ದುಡ್ಡು ಕೊಟ್ಟು ಕೊಳ್ಳುತ್ತೇವೆ ಎನ್ನುತ್ತಿದ್ದಾರೆ, ಮಾರಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಸುಳಿವು ಒಂದೇ ಮಾತಿನಲ್ಲಿದೆ. ಜನವರಿಯಲ್ಲಿ ಚೆನ್ನಾಗಿ ಬಂತು, ಜೂನ್‌ನಲ್ಲಿ ಕೆಟ್ಟಿತು. ಮೈದಾ ಅದೇ, ಈಸ್ಟ್ ಅದೇ, ನಾದಿದ ಕೈಯೂ ಅದೇ. ಬದಲಾಗಿದ್ದು ಹವೆ. ಹಾಗಾಗಿ ನಿಮ್ಮ ಕೈಗುಣದ ಬಗ್ಗೆ ಬೇಸರ ಬೇಡ. ಅಂಟು, ಹುಳಿ ವಾಸನೆ, ಬಿಳಿಚಿದ ಮೇಲ್ಭಾಗ, ಕುಸಿತ ಎಂದು ನೀವು ನಾಲ್ಕು ದೂರು ಬರೆದಿದ್ದೀರಿ. ಬಹುಮಟ್ಟಿಗೆ ನಾಲ್ಕಕ್ಕೂ ಕಾರಣ ಒಂದೇ: ನಾದಿ ಮುಗಿಸುವಾಗಲೇ ನಿಮ್ಮ ಹಿಟ್ಟು ತೀರಾ ಬಿಸಿಯಾಗಿದೆ.

ಸ್ವಲ್ಪ ಲೆಕ್ಕ ಹಾಕೋಣ. ಹಿಟ್ಟಿನ ಬಿಸಿ ಅಡುಗೆಮನೆಯ ಗಾಳಿ, ಮೈದಾ ಮತ್ತು ನೀರು ಈ ಮೂರರ ಸರಾಸರಿಗೆ ಹತ್ತಿರ ಇರುತ್ತದೆ. ನಾದುವಾಗ ಕೈಯಿಂದ ಇನ್ನೊಂದು ಡಿಗ್ರಿ ಸೇರುತ್ತದೆ. ಜನವರಿಯಲ್ಲಿ ನಿಮ್ಮ ಅಡುಗೆಮನೆ 24 ಡಿಗ್ರಿ, ಮೈದಾ 24, ಬೆಚ್ಚಗಿನ ನೀರು 40 ಎಂದಿಟ್ಟುಕೊಳ್ಳಿ. ಹಿಟ್ಟು ಸುಮಾರು 30ಕ್ಕೆ ನಿಲ್ಲುತ್ತದೆ. ಜೂನ್‌ನಲ್ಲಿ ಗಾಳಿ 31, ಮೈದಾ 30, ನೀರು ಮಾತ್ರ ಅದೇ 40. ಈಗ ಹಿಟ್ಟು 35ರ ಹತ್ತಿರ ಹೋಗುತ್ತದೆ. ಪಾವ್‌ಗೆ ಬೇಕಾದದ್ದು 25ರಿಂದ 27 ಡಿಗ್ರಿ. ಈ ಮಟ್ಟದಲ್ಲಿ ಹತ್ತು ಡಿಗ್ರಿ ಏರಿದರೆ ಈಸ್ಟ್‌ನ ಕೆಲಸದ ವೇಗ ಸುಮಾರು ಇಮ್ಮಡಿಯಾಗುತ್ತದೆ. ಅಂದರೆ ವಿಡಿಯೋದವರ ಒಂದು ಗಂಟೆ ನಿಮ್ಮ ಮನೆಯಲ್ಲಿ ಅರ್ಧ ಗಂಟೆ. ನೀವು ಮಗಳನ್ನು ಕರೆದುಕೊಂಡು ಬಾಗಿಲು ತೆರೆಯುವ ಹೊತ್ತಿಗೆ ಹಿಟ್ಟು ಉಬ್ಬಿ, ಮುಗಿದು, ಇಳಿಯಲು ಶುರುವಾಗಿರುತ್ತದೆ.

ಅಷ್ಟು ಹೊತ್ತು ಬಿಸಿಯಲ್ಲಿ ಕೂತ ಹಿಟ್ಟಿನಲ್ಲಿ ಈಸ್ಟ್ ಇರುವ ಸಕ್ಕರೆಯನ್ನೆಲ್ಲ ತಿಂದು ಆಲ್ಕೋಹಾಲ್ ಮಾಡುತ್ತದೆ. ಜೊತೆಗೆ ಹುಳಿಯೂ ಹೆಚ್ಚುತ್ತದೆ. ಕಳ್ಳಿನ ವಾಸನೆ ಬರುವುದು ಹೀಗೆ. ಗಾಳಿಯನ್ನು ಹಿಡಿದಿಡುವ ಗ್ಲುಟೆನ್ (ಮೈದಾದ ಪ್ರೋಟೀನಿನ ಜಾಲ) ಸಡಿಲವಾಗುತ್ತದೆ. ಅದಕ್ಕೇ ಅಂಟು, ಅದಕ್ಕೇ ಕುಸಿತ. ಒಲೆಯಲ್ಲಿ ಕಂದು ಬಣ್ಣ ಬರಬೇಕಾದರೆ ಒಂದಿಷ್ಟು ಸಕ್ಕರೆ ಉಳಿದಿರಬೇಕು. ಅದು ಖಾಲಿಯಾಗಿದ್ದರೆ ಎಷ್ಟು ಬೇಯಿಸಿದರೂ ಪಾವ್ ಬಿಳಿಚಿಕೊಂಡೇ ಇರುತ್ತದೆ.

ಈ ಬೆಚ್ಚಗಿನ ನೀರಿನ ಸಲಹೆ ಚಳಿ ದೇಶಗಳಿಂದ ಬಂದದ್ದು. ಅಲ್ಲಿಯ ಅಡುಗೆಮನೆಗೆ ಅದು ಸರಿ. ಮಳೆಗಾಲದಲ್ಲಿ ಮುಂಬಯಿಯ ಯಾವುದಾದರೂ ಬೇಕರಿಯ ಹಿಂಬದಿಗೆ ಹೋಗಿ ನೋಡಿ. ಕಾರಿಗರ ಮಿಕ್ಸರ್‌ಗೆ ಮೈದಾ ಸುರಿದು, ಮೇಲೆ ಒಡೆದ ಐಸ್ ಹಾಕುತ್ತಾನೆ. ತಿರುಗುವಾಗ ಮೊದಲು ಐಸ್ ಕಟಕಟ ಸದ್ದು ಮಾಡುತ್ತದೆ, ಆಮೇಲೆ ಕರಗಿ ಹಿಟ್ಟಿನಲ್ಲಿ ಸೇರಿಹೋಗುತ್ತದೆ. ಬೇಕರಿಯವರ 'ಗುಟ್ಟು' ಏನು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನೀವು ಮಾಡಬೇಕಾದದ್ದು ಇಷ್ಟು. 26ನ್ನು ಮೂರರಿಂದ ಗುಣಿಸಿ, 78. ಅದರಲ್ಲಿ ಗಾಳಿಯ ಬಿಸಿ, ಮೈದಾದ ಬಿಸಿ, ಕೈ ನಾದುವಿಕೆಗೆ ಮೂರು, ಇಷ್ಟನ್ನೂ ಕಳೆಯಿರಿ. ಉಳಿದದ್ದು ನೀರಿನ ಬಿಸಿ. ಜೂನ್‌ನಲ್ಲಿ ಅದು 14 ಡಿಗ್ರಿ ಆಸುಪಾಸು ಬರುತ್ತದೆ. ಫ್ರಿಜ್‌ನ ನೀರಿಗೆ ಒಂದಿಷ್ಟು ನಲ್ಲಿ ನೀರು ಬೆರೆಸಿದರೆ ಆಯಿತು. ಸ್ಟ್ಯಾಂಡ್ ಮಿಕ್ಸರ್ ಇದ್ದರೆ ಅದು ಹಿಟ್ಟನ್ನು ಇನ್ನೂ ಜಾಸ್ತಿ ಬಿಸಿ ಮಾಡುತ್ತದೆ, ನೀರು ಇನ್ನೂ ತಣ್ಣಗಿರಲಿ. ಹಿಟ್ಟಿಗೆ ಚುಚ್ಚುವ ಒಂದು ಸಾಧಾರಣ ಥರ್ಮಾಮೀಟರ್ ತೆಗೆದುಕೊಳ್ಳಿ. ಇಂಪ್ರೂವರ್‌ಗೆ ಹಾಕಬೇಕೆಂದಿದ್ದ ದುಡ್ಡನ್ನು ಇದಕ್ಕೆ ಹಾಕಿದರೆ ನನಗೆ ಸಮಾಧಾನ. ಪೊಟ್ಟಣದ ಮೇಲೆ 'ಇನ್‌ಸ್ಟಂಟ್' ಎಂದಿರುವ ಈಸ್ಟ್ ಆದರೆ ನೆನೆಸುವ ಅಗತ್ಯವೇ ಇಲ್ಲ, ನೇರವಾಗಿ ಮೈದಾಕ್ಕೆ ಬೆರೆಸಿ. 'ಆಕ್ಟಿವ್ ಡ್ರೈ' ಆದರೆ ಎರಡು ಚಮಚ ಬೆಚ್ಚಗಿನ ನೀರಿನಲ್ಲಿ ಅದನ್ನಷ್ಟೇ ನೆನೆಸಿ, ಉಳಿದ ನೀರು ತಣ್ಣಗಿರಲಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ಮೈದಾ ಗಾಳಿಯ ತೇವ ಹೀರಿಕೊಂಡಿರುತ್ತದೆ. ಹಾಗಾಗಿ ಅಳತೆಯ ನೀರನ್ನು ಒಂದೇ ಸಲ ಸುರಿಯಬೇಡಿ. ಎರಡು ಮೂರು ಚಮಚ ಹಿಡಿದಿಟ್ಟುಕೊಂಡು, ಹಿಟ್ಟು ಕೇಳಿದರೆ ಮಾತ್ರ ಕೊಡಿ. ಅಂಟುತ್ತದೆ ಎಂದು ಒಣ ಮೈದಾ ಉದುರಿಸುತ್ತಾ ಹೋದರೆ ಪಾವ್ ಗಟ್ಟಿಯಾಗುತ್ತದೆ.

ಗಡಿಯಾರ ನೋಡುವುದನ್ನೂ ಬಿಡಿ. ಬೆರಳಿಗೆ ಮೈದಾ ಹಚ್ಚಿ ಹಿಟ್ಟನ್ನು ಅರ್ಧ ಇಂಚು ಒತ್ತಿ. ಗುಳಿ ತಟ್ಟನೆ ತುಂಬಿಕೊಂಡರೆ ಇನ್ನೂ ಹೊತ್ತು ಬೇಕು. ನಿಧಾನಕ್ಕೆ ಅರ್ಧ ತುಂಬಿ ನಿಂತರೆ ಸರಿ. ಗುಳಿ ಹಾಗೇ ಉಳಿದು ಸುತ್ತಲೂ ಹಿಟ್ಟು ಕುಗ್ಗಿದರೆ ಮೀರಿದೆ ಎಂದರ್ಥ. ಹೊರಗೆ ಹೋಗಲೇಬೇಕು ಅಂದರೆ, ನಾದಿದ ಹಿಟ್ಟನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಹೋಗಿ. ರಾತ್ರಿಯಿಡೀ ಇಟ್ಟರೂ ನಡೆಯುತ್ತದೆ, ರುಚಿ ಇನ್ನೂ ಚೆನ್ನಾಗಿರುತ್ತದೆ. ಒಂದೇ ತೊಂದರೆ: ಬಿಸಿ ಹಿಟ್ಟನ್ನು ದೊಡ್ಡ ಮುದ್ದೆಯಾಗಿ ಇಟ್ಟರೆ ಒಳಗಿನ ಭಾಗ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಅದು ಹುಳಿಯುತ್ತದೆ. ಚಪ್ಪಟೆ ಮಾಡಿ ಇಡಿ. ಈಗಾಗಲೇ ಹುಳಿದ ಹಿಟ್ಟನ್ನು ಎಸೆಯಬೇಡಿ. ಹೊಸ ಹಿಟ್ಟು ನಾದುವಾಗ ಅದರ ಕಾಲು ಭಾಗದಷ್ಟು ಬೆರೆಸಿಕೊಳ್ಳಬಹುದು. ಹಳೆಯ ಬೇಕರಿಗಳಲ್ಲಿ ಇದು ರೂಢಿ.

ಈಗ ಫ್ರಿಜ್ ವಿಷಯ. ಇದರ ಬಗ್ಗೆ ತಪ್ಪು ತಿಳಿವಳಿಕೆ ತುಂಬಾ ಇದೆ. ಪಾವ್ ಒಣಗುವುದು ನೀರು ಆರಿಹೋಗಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಗಾಳಿಯಾಡದ ಡಬ್ಬಿಯಲ್ಲಿಟ್ಟ ಪಾವ್ ಕೂಡ ಗಟ್ಟಿಯಾಗುತ್ತದಲ್ವಾ? ಅಲ್ಲಿ ನೀರು ಎಲ್ಲೂ ಹೋಗಿಲ್ಲ. ಬೇಯುವಾಗ ನೀರು ಕುಡಿದು ಮೆತ್ತಗಾದ ಪಿಷ್ಟ, ತಣ್ಣಗಾದ ಮೇಲೆ ಮತ್ತೆ ಬಿಗಿಯಾಗಿ ಜೋಡಿಸಿಕೊಳ್ಳುತ್ತದೆ. ರಾತ್ರಿಯ ಅನ್ನ ಫ್ರಿಜ್‌ನಲ್ಲಿ ಬಿರುಸಾಗುವುದೂ ಇದೇ ಕಾರಣಕ್ಕೆ. ಈ ಬಿಗಿತ ಅತಿ ಬೇಗ ನಡೆಯುವುದು ಫ್ರಿಜ್‌ನೊಳಗಿನ ನಾಲ್ಕೈದು ಡಿಗ್ರಿ ಚಳಿಯಲ್ಲಿ. ಫ್ರೀಜರ್‌ನಲ್ಲಿ ಅದು ಬಹುತೇಕ ನಿಂತೇಹೋಗುತ್ತದೆ. 60 ಡಿಗ್ರಿ ದಾಟಿ ಬಿಸಿ ಮಾಡಿದರೆ ಬಹಳಷ್ಟು ಹಿಂದಕ್ಕೆ ಬಂದು ಪಾವ್ ಮತ್ತೆ ಮೆತ್ತಗಾಗುತ್ತದೆ.

ಆದ್ದರಿಂದ ನಿಯಮ ಸರಳ. ಆ ದಿನಕ್ಕೆ ಬೇಕಾದಷ್ಟು ಹೊರಗೆ, ಉಳಿದದ್ದು ಅದೇ ದಿನ ಫ್ರೀಜರ್‌ಗೆ. ಫ್ರಿಜ್‌ನ ಕೆಳಗಿನ ಕಪಾಟು ಪಾವ್‌ನ ಜಾಗ ಅಲ್ಲ. ಬೇಕಾದಾಗ ತೆಗೆದು, ಇಡ್ಲಿ ಅಟ್ಟದಲ್ಲಿ ಮೇಲೊಂದು ಬಟ್ಟೆ ಹಾಸಿ ಎರಡು ಮೂರು ನಿಮಿಷ ಹಬೆಗಿಡಿ. ಒಂದಕ್ಕೊಂದು ಅಂಟಿಕೊಂಡು ಬೇಯುವ ಲಾದಿ ಪಾವ್‌ಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಇನ್ನೂ ಹೆಚ್ಚು ಹೊತ್ತು ಮೆತ್ತಗಿರಬೇಕಾದರೆ ಮೈದಾದ ಗಂಜಿ ಸೇರಿಸಿ. 300 ಗ್ರಾಂ ಮೈದಾದಲ್ಲಿ 15 ಗ್ರಾಂ ತೆಗೆದು, 75 ಮಿಲಿ ನೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸಿ. 65 ಡಿಗ್ರಿ ದಾಟಿದಾಗ ದಪ್ಪವಾಗುತ್ತದೆ, ಸೌಟು ಎಳೆದ ಗೆರೆ ಹಾಗೇ ನಿಲ್ಲುತ್ತದೆ. ಪೂರ್ತಿ ತಣ್ಣಗಾಗಲು ಬಿಡಿ, ಇಲ್ಲವಾದರೆ ಮತ್ತೆ ಹಿಟ್ಟು ಬಿಸಿಯಾಗುತ್ತದೆ. ಆಮೇಲೆ ಉಳಿದ ಮೈದಾ, ತಣ್ಣನೆಯ ಹಾಲು ಅಥವಾ ನೀರು 110 ಮಿಲಿ ಆಸುಪಾಸು, ಇನ್‌ಸ್ಟಂಟ್ ಈಸ್ಟ್ ಎರಡು ಗ್ರಾಂ (ಚಳಿಗಾಲದಲ್ಲಿ ಮೂರು), ಉಪ್ಪು ಐದು ಗ್ರಾಂ, ಸಕ್ಕರೆ 15 ಗ್ರಾಂ. ಎಲ್ಲ ಸೇರಿ ಹಿಟ್ಟಾದ ಮೇಲೆ ಬೆಣ್ಣೆ 20 ಗ್ರಾಂ. ಚೂರು ಹಿಟ್ಟನ್ನು ಬೆರಳುಗಳ ನಡುವೆ ಎಳೆದರೆ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಅಲ್ಲಿಯವರೆಗೂ ನಾದಿ. ಒಂಬತ್ತು ಉಂಡೆ ಮಾಡಿ ತಟ್ಟೆಯಲ್ಲಿ ಹತ್ತಿರ ಹತ್ತಿರ ಜೋಡಿಸಿ. ಉಬ್ಬಿದಾಗ ಒಂದಕ್ಕೊಂದು ತಾಗಬೇಕು. ಲಾದಿಯ ಪಾವ್ ಬದಿಗಳಲ್ಲಿ ಅಷ್ಟು ಮೆತ್ತಗಿರುವುದು ಅಲ್ಲಿ ಬಿಸಿಗಾಳಿ ತಾಗದೇ ಇರುವುದರಿಂದ. 200 ಡಿಗ್ರಿಯಲ್ಲಿ 15ರಿಂದ 18 ನಿಮಿಷ.

ಬೂಷ್ಟಿಗೆ ಮುಖ್ಯ ಕಾರಣ ಬಿಸಿಬಿಸಿಯಾಗಿ ಕಟ್ಟಿಡುವುದು. ಜಾಲರಿಯ ಮೇಲೆ ಪೂರ್ತಿ ಆರಿಸಿ, ಫ್ಯಾನಿನ ಕೆಳಗಾದರೂ ಸರಿ. ಬೂಷ್ಟು ಕಂಡರೆ ಆ ಭಾಗ ಮಾತ್ರ ಕಿತ್ತು ಉಳಿದದ್ದು ತಿನ್ನುವುದು ಬೇಡ. ಕಣ್ಣಿಗೆ ಕಾಣದ ಎಳೆಗಳು ಒಳಗೆ ಹರಡಿರುತ್ತವೆ. ಮಳೆಗಾಲದಲ್ಲಿ ಬೂಷ್ಟಿಗಿಂತ ಮೊದಲೇ ಬರುವ ಇನ್ನೊಂದು ರೋಗವೂ ಇದೆ. ಬೇಕರಿಯವರು ಅದನ್ನು 'ರೋಪ್' ಅನ್ನುತ್ತಾರೆ. ಪಾವ್ ಮುರಿದಾಗ ಒಳಗೆ ಜಿಗುಟು ಎಳೆ, ತೀರಾ ಹಣ್ಣಾದ ಅನಾನಸಿನಂಥ ಸಿಹಿ ವಾಸನೆ. ಮೈದಾದಲ್ಲೇ ಇರುವ ಬ್ಯಾಕ್ಟೀರಿಯಾ ಇದಕ್ಕೆ ಕಾರಣ, ಅದರ ಬೀಜಕಗಳು ಒಲೆಯ ಬಿಸಿಗೂ ಸಾಯುವುದಿಲ್ಲ. ಅಂಥ ಪಾವನ್ನು ಎಸೆದು, ತಟ್ಟೆ, ಕಟ್ಟೆ, ಡಬ್ಬಿ ಎಲ್ಲವನ್ನೂ ತೊಳೆದು ವಿನೆಗರ್‌ನಿಂದ ಒರೆಸಿ. ಮುಂದಿನ ಸಲ ಹಿಟ್ಟಿಗೂ ಒಂದು ಚಿಕ್ಕ ಚಮಚ ವಿನೆಗರ್ ಹಾಕಿದರೆ ಅದಕ್ಕೆ ಬೆಳೆಯಲು ಕಷ್ಟ.

ಪಕ್ಕದ ಮನೆಯವರು ಹೇಳಿದ ಕೆಮಿಕಲ್ ವಿಷಯದಲ್ಲಿ ನಿಜವೂ ಇದೆ, ಹಳೆಯ ಸುದ್ದಿಯೂ ಇದೆ. ಹಿಂದೆ ಹಿಟ್ಟಿಗೆ ಬಲ ಬರಲೆಂದು ಪೊಟ್ಯಾಷಿಯಂ ಬ್ರೋಮೇಟ್ ಬಳಸುತ್ತಿದ್ದರು. ಅದು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. 2016ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಅಲ್ಲಿಯ ಬ್ರೆಡ್, ಪಾವ್‌ಗಳನ್ನು ಪರೀಕ್ಷಿಸಿ ವರದಿ ಕೊಟ್ಟ ಮೇಲೆ, ಅದೇ ವರ್ಷ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಬ್ರೋಮೇಟನ್ನು ನಿಷೇಧಿಸಿತು. ಈಗಿನ ಇಂಪ್ರೂವರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ವಿಟಮಿನ್ ಸಿ, ಎಂಜೈಮ್‌ಗಳು, ಎಮಲ್ಸಿಫೈಯರ್. ಅಂಗಡಿಯ ಬ್ರೆಡ್ ಬೇಗ ಬೂಷ್ಟು ಹಿಡಿಯದಿರಲು ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕುತ್ತಾರೆ, ಮಿತಿಯೊಳಗೆ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಇವು ವಿಷವಲ್ಲ. ಆದರೂ ನಿಮಗೆ ಬೇಡ ಅಂತ ಹೇಳುತ್ತೇನೆ. ಇಂಪ್ರೂವರ್ ಇರುವುದು ಯಂತ್ರಗಳ ವೇಗಕ್ಕೆ, ದಿನದಿನಕ್ಕೆ ಬದಲಾಗುವ ಮೈದಾದ ಗುಣಕ್ಕೆ. 35 ಡಿಗ್ರಿಯ ಹಿಟ್ಟನ್ನು ಅದು ಉಳಿಸುವುದಿಲ್ಲ. ಮನೆಯಲ್ಲಿ ಅರ್ಧ ಗ್ರಾಂ, ಕಾಲು ಗ್ರಾಂ ತೂಗುವುದೂ ಕಷ್ಟ, ಜಾಸ್ತಿಯಾದರೆ ಒಳಗೆ ಅಂಟಂಟಾಗುತ್ತದೆ. ಬಿಡಿ ಚೀಲದಲ್ಲಿ, ಹೆಸರಿಲ್ಲದೆ ಮಾರುವ ಪುಡಿಯನ್ನಂತೂ ಯಾವ ಕಾರಣಕ್ಕೂ ತರಬೇಡಿ.

ಬ್ರುನ್‌ಗೆ ಬರೋಣ. ನಿಮ್ಮ ಯಜಮಾನರು ಹೇಳಿದ್ದು ಅರ್ಧ ಸರಿ. ಬೇಕಾದದ್ದು ಸೌದೆಯಲ್ಲ, ಸೌದೆ ಕಾಯಿಸಿದ ಇಟ್ಟಿಗೆ. ಭಟ್ಟಿಯ ದಪ್ಪ ನೆಲ, ಗೋಡೆ ಗಂಟೆಗಟ್ಟಲೆ ಬಿಸಿ ಹಿಡಿದಿರುತ್ತವೆ. ಹಿಟ್ಟು ಇಟ್ಟ ಕ್ಷಣದಲ್ಲಿ ಕೆಳಗಿನಿಂದ ಜೋರಾಗಿ ಬಿಸಿ ಹತ್ತುತ್ತದೆ. ತುಂಬಿದ ಭಟ್ಟಿಯಲ್ಲಿ ನೂರಾರು ಪಾವ್‌ನಿಂದ ಏಳುವ ಹಬೆ ಅಲ್ಲೇ ಸುತ್ತುತ್ತದೆ. ಆ ಹಬೆಯಿಂದ ಮೇಲ್ಪದರ ಬೇಗ ಗಟ್ಟಿಯಾಗದೆ ಉಬ್ಬಲು ಹೊತ್ತು ಸಿಗುತ್ತದೆ, ಆಮೇಲೆ ತೆಳ್ಳಗೆ ಗರಿಯಾಗುತ್ತದೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ವಾಯುಮಾಲಿನ್ಯದ ಪ್ರಕರಣದಲ್ಲಿ ಸೌದೆ, ಕಲ್ಲಿದ್ದಲಿನ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸ್‌ನಂಥ ಸ್ವಚ್ಛ ಇಂಧನಕ್ಕೆ ಬದಲಾಗಬೇಕು ಎಂದಿತು. ರುಚಿ ಹೋಯಿತು ಎಂದು ತುಂಬ ಜನ ಮರುಗಿದರು. ಚಿಕ್ಕ ಬೇಕರಿಗಳ ಖರ್ಚಿನ ಚಿಂತೆ ದೊಡ್ಡದು, ಅದು ನನ್ನನ್ನೂ ಕಾಡುತ್ತದೆ. ಆದರೆ ರುಚಿಯ ಮಟ್ಟಿಗೆ, ಬಿಸಿ ಹಿಡಿಯುವ ನೆಲ ಮತ್ತು ಹಬೆ ಎರಡೂ ಇದ್ದರೆ ಗ್ಯಾಸಿನಲ್ಲೂ ಒಳ್ಳೆಯ ಬ್ರುನ್ ಆಗುತ್ತದೆ.

ನಿಮ್ಮ ಓಟಿಜಿಯಲ್ಲಿ ಈ ಎರಡೂ ಇಲ್ಲ. ತಗಡು ತೆಳ್ಳಗೆ, ಹಬೆ ಸಂದಿಯಿಂದ ಹೊರಗೆ. ಕಬ್ಬಿಣದ ದೋಸೆ ಕಾವಲಿಯನ್ನು (ಹಿಡಿ ಪ್ಲಾಸ್ಟಿಕ್ ಇರಬಾರದು) ಒಳಗಿಟ್ಟು, 230 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ. ಬ್ರುನ್ ಹಿಟ್ಟಿಗೆ ಹಾಲು, ಬೆಣ್ಣೆ, ಗಂಜಿ ಏನೂ ಬೇಡ. ಅವು ಮೆತ್ತಗಾಗಿಸುವ ಪದಾರ್ಥಗಳು. ಮೈದಾ, ನೀರು, ಉಪ್ಪು, ಈಸ್ಟ್, ಚಿಟಿಕೆ ಸಕ್ಕರೆ ಸಾಕು. ಉಂಡೆಗಳನ್ನು ದೂರದೂರ ಇಟ್ಟು ಉಬ್ಬಿಸಿ, ಕಾದ ಕಾವಲಿಯ ಮೇಲೆ ಜಾರಿಸಿ, ಮೇಲೆ ಆಳವಾದ ಸ್ಟೀಲ್ ಪಾತ್ರೆ ಕವುಚಿ. ಅವುಗಳ ಹಬೆ ಅವುಗಳಿಗೇ ಸಿಗುತ್ತದೆ. ಹತ್ತು ನಿಮಿಷದ ಮೇಲೆ ದಪ್ಪ ಕೈಬಟ್ಟೆ ಹಿಡಿದು ಪಾತ್ರೆ ತೆಗೆಯಿರಿ, ಮುಖಕ್ಕೆ ಹಬೆ ಹೊಡೆಯುತ್ತದೆ, ಜೋಪಾನ. ಇನ್ನು ಹತ್ತು ನಿಮಿಷ ಬಣ್ಣ ಬರಲಿ. ಕೊನೆಯ ಐದು ನಿಮಿಷ ಬಾಗಿಲನ್ನು ಒಂದು ಬೆರಳು ತೆರೆದಿಡಿ. ಒಳಗೆ ನೀರು ಚಿಮುಕಿಸುವ ಉಪಾಯ ಬೇಡ, ಬಿಸಿ ಗಾಜು ಬಿರಿಯಬಹುದು. ಓಟಿಜಿಯ ತಿರುಗಣೆ ತೋರಿಸುವ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. 20, 30 ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಸಿಗುತ್ತದೆ.

ಮುಂದಿನ ಸಲ 1904ರಿಂದ ನಡೆಯುತ್ತಿರುವ ಧೋಬಿ ತಲಾವ್‌ನ ಕಯಾನಿಗೋ ಫೋರ್ಟ್‌ನ ಯಜ್ದಾನಿಗೋ ಹೋದಾಗ ಬೆಳಗ್ಗೆ ಬೇಗ ಹೋಗಿ. ಬ್ರುನ್ ಕತ್ತರಿಸುವಾಗ ಮೇಜಿನ ಮೇಲೆ ಉದುರುವ ಪುಡಿ ನೋಡಿ. ಚೂರುಗಳು ತೆಳ್ಳಗೆ, ಒಳಗಿನ ಬಿಳಿ ಭಾಗ ಒಣಗಿಲ್ಲ. ನಿಮ್ಮ ಗುರಿ ಅದೇ. ಮಳೆಗಾಲದಲ್ಲಿ ಯಾರ ಬ್ರುನ್ ಆದರೂ ಒಂದೆರಡು ಗಂಟೆಯಲ್ಲಿ ಮೆತ್ತಗಾಗುತ್ತದೆ. ಒಳಗಿನ ತೇವ, ಹೊರಗಿನ ತೇವ ಎರಡೂ ಆ ತೆಳು ಪದರಕ್ಕೆ ಸೇರುತ್ತವೆ. ಸಂಜೆ ನಿಮ್ಮ ಮನೆಯ ಬ್ರುನ್ ಮೆತ್ತಗಾಗಿದ್ದರೆ ನೀವು ಸೋತಿಲ್ಲ. 180 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಮಸ್ಕಾ ಹಚ್ಚಿ.

ಅತ್ತೆಯವರ ಕಾಳಜಿ ನ್ಯಾಯವಾದದ್ದು. ಮೈದಾ ಕರುಳಿಗೆ ಅಂಟಿಕೊಳ್ಳುತ್ತದೆ ಎಂಬುದು ಸುಳ್ಳು. ಬೆಂದ ಮೈದಾ ಬೇರೆ ಪಿಷ್ಟಗಳಂತೆಯೇ ಜೀರ್ಣವಾಗುತ್ತದೆ. ಆದರೆ ಅದರಲ್ಲಿ ನಾರು ಕಡಿಮೆ, ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ, ಇದು ನಿಜ. ಗೋಧಿ ಹಿಟ್ಟಿನ ಪಾವ್‌ನಲ್ಲಿ ನಾರು ಜಾಸ್ತಿ. ಹಾಗೆಂದು ಮಾವನವರು ಎಷ್ಟಾದರೂ ತಿನ್ನಬಹುದು ಅಂತಲ್ಲ, ನುಣ್ಣಗೆ ಬೀಸಿದ ಗೋಧಿಯೂ ಸಕ್ಕರೆ ಏರಿಸುತ್ತದೆ. ಊಟದ ಲೆಕ್ಕದಲ್ಲಿ ಎಷ್ಟು ಪಾವ್ ಎಂದು ಅವರ ವೈದ್ಯರನ್ನೇ ಕೇಳಿ. ಮಾಡುವ ವಿಧಾನಕ್ಕೆ ಗೋವಾದ ಕಡೆ ನೋಡಿ. ಅಲ್ಲಿ ಪೋದೆರ್ (ಬೇಕರಿಯವ) ಬೆಳಗ್ಗೆ ಸೈಕಲ್ ಹಾರ್ನ್ ಒತ್ತುತ್ತಾ ತರುವ ಪೊಯಿ ಇದೆಯಲ್ಲ, ಮೈದಾದ ಜೊತೆ ಗೋಧಿ ಸೇರಿಸಿ, ಮೇಲೆ ಬೂಸಾ ಉದುರಿಸಿ ಮಾಡುವಂಥದ್ದು. ಪಾವ್‌ನಂತೆ ಎತ್ತರಕ್ಕೆ ಉಬ್ಬಬೇಕು ಎಂಬ ಹಟವೇ ಅದಕ್ಕಿಲ್ಲ. ಚಪ್ಪಟೆಯಾಗಿ, ಒಳಗೆ ಪೊಳ್ಳಾಗಿ ಬೇಯುತ್ತದೆ. ನೀವೂ ಅರ್ಧ ಗೋಧಿ, ಅರ್ಧ ಮೈದಾದಿಂದ ಶುರು ಮಾಡಿ. ಗೋಧಿ ಹಿಟ್ಟನ್ನು ನೀರಿನಲ್ಲಿ ಕಲಸಿ ಅರ್ಧ ಗಂಟೆ ನೆನೆಯಲು ಬಿಟ್ಟು, ಆಮೇಲೆ ಉಳಿದದ್ದು ಸೇರಿಸಿ. ಬೂಸಾ ಮೆತ್ತಗಾಗದಿದ್ದರೆ ಅದರ ಚೂಪು ಅಂಚು ಗ್ಲುಟೆನ್ ಎಳೆಗಳನ್ನು ಕತ್ತರಿಸುತ್ತದೆ. ಚಕ್ಕಿಯ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ, ಅದನ್ನು ನೋಡಿಕೊಂಡು ಹಾಕಿ. ಪೂರ್ತಿ ಗೋಧಿಯಲ್ಲಿ ಮಾಡಿದರೆ ಲಾದಿ ಪಾವ್‌ನ ಮೆದು ಸಿಗುವುದಿಲ್ಲ. ಅದನ್ನು ಬೇರೆಯೇ ಒಂದು ತಿಂಡಿ ಎಂದುಕೊಂಡರೆ ಚೆನ್ನಾಗಿರುತ್ತದೆ.

ಮಾರುವ ಬಗ್ಗೆ: ಖಂಡಿತ ಮಾರಬಹುದು. ಆದರೆ ಮನೆಯಿಂದ, ಸೊಸೈಟಿಯ ಒಳಗೇ ಮಾರಿದರೂ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, 14 ಅಂಕಿಯ ಸಂಖ್ಯೆ ಕೊಡುತ್ತಾರೆ. ಸೊಸೈಟಿಯ ನಿಯಮವನ್ನೂ ಒಮ್ಮೆ ಕೇಳಿಕೊಳ್ಳಿ. ಈ ಮಳೆಗಾಲದಲ್ಲಿ ಮಾತ್ರ ಮಾರಾಟ ಬೇಡ ಎನ್ನುವುದು ನನ್ನ ಸಲಹೆ. ನಿಮ್ಮ ಮನೆಯ ಪಾವ್ ಎರಡನೇ ದಿನವೂ ಬೂಷ್ಟು, ರೋಪ್ ಇಲ್ಲದೆ ಸತತವಾಗಿ ನಿಲ್ಲಲಿ. ಆಮೇಲೆ ಹಿಂದಿನ ದಿನವೇ ಆರ್ಡರ್ ತೆಗೆದುಕೊಂಡು, ಬೇಯಿಸಿದ ದಿನಾಂಕ ಬರೆದು, ಅದೇ ದಿನ ಕೊಡಿ. ಮಿಕ್ಕಿದ್ದನ್ನು ಮರುದಿನ ಯಾರಿಗೂ ಮಾರಬೇಡಿ.